ಹಳೇ ಕಾರಿನ ತಳಕ್ಕೆ ತುಕ್ಕು: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕಾರಿನ ಮೇಲೆ ಒಂದು ಗೀರು ಬಿದ್ದರೂ ಮನಸ್ಸು ಚುರ್ ಅನ್ನುತ್ತದೆ. ಕೆಳಗೆ ತಗಡು ಸವೆದು ಹೋಗುತ್ತಿದ್ದರೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೇರೆ ದಾರಿಯಿಂದ: ಒಂದು ಸದ್ದು, ಒಂದು ವಾಸನೆ, ಒದ್ದೆಯಾದ ಮ್ಯಾಟು, ಬಾಗಿಲ ಕೆಳಗೆ ಎದ್ದ ಒಂದು ಗುಳ್ಳೆ. ಅದಕ್ಕೇ ಇಲ್ಲಿ ಆ ಲಕ್ಷಣಗಳಿಂದಲೇ ಶುರು ಮಾಡಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಕ್ಕು ಎಷ್ಟಿದೆ ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ನೋಡಿ. ಸೈಲೆನ್ಸರ್ ಪೂರ್ತಿ ಕೆಂಪಾಗಿದ್ದರೂ ಗಾಬರಿ ಬೇಡ. ಬ್ರೇಕ್ ಪೈಪಿನ ಮೇಲೆ ಉಗುರಿನಷ್ಟು ಜಾಗದಲ್ಲಿ ಹುರುಪೆ ಎದ್ದಿದ್ದರೆ ಮಾತ್ರ ಗಾಡಿ ತೆಗೆಯಬೇಡಿ.

ಕೆಳಗೆ ತಲೆ ಹಾಕುವ ಮುನ್ನ

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಹೋಗಲೇಬೇಡಿ. ಒಂದು ನಿಮಿಷಕ್ಕೂ ಬೇಡ, ಕೈ ಚಾಚಿ ನೋಡುವುದಕ್ಕೂ ಬೇಡ. ಗಟ್ಟಿಯಾದ ಸಮತಟ್ಟು ನೆಲ ಇರಲಿ. ನೆಲದ ಮೇಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಎತ್ತಿದ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟು, ಗಾಡಿಯ ಭಾರ ಅದರ ಮೇಲೆ ಕೂರಿಸಿ, ಪಕ್ಕದಿಂದ ಅಲುಗಾಡಿಸಿ ನೋಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಡಬೇಡಿ. ಅವು ಮುನ್ಸೂಚನೆ ಕೊಡದೆ ಒಡೆದುಹೋಗುತ್ತವೆ.

ಹಳೇ ಗಾಡಿಯಲ್ಲಿ ಇನ್ನೊಂದು ಅಪಾಯ ಇದೆ. ಜಾಕ್ ಇಡುವ ಜಾಗವೇ ತುಕ್ಕು ಹಿಡಿದಿರುತ್ತದೆ. ಮೇಲೆ ಎತ್ತುತ್ತಿದ್ದ ಹಾಗೆ ಜಾಕ್ ತಗಡಿನ ಒಳಗೆ ತೂರಿಕೊಳ್ಳುತ್ತದೆ, ಕಾರು ಮಾತ್ರ ಏಳುವುದಿಲ್ಲ. ಕರ್ರ್ ಎಂಬ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಇಳಿಸಿ. ಎತ್ತುವ ಮುಂಚೆ ಆ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುವುದು ಒಳ್ಳೆಯದು.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಳ್ಳಿ. ಮಲಗಿ ಮೇಲೆ ನೋಡುವಾಗ ತುಕ್ಕಿನ ಚೂರು ನೇರವಾಗಿ ಕಣ್ಣಿಗೇ ಬೀಳುತ್ತದೆ. ಈಗಷ್ಟೇ ಓಡಿ ಬಂದ ಗಾಡಿಯ ಸೈಲೆನ್ಸರ್ ಪೈಪ್ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಹೈಬ್ರಿಡ್ ಗಾಡಿಯಾದರೆ ತಳದಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಾಣಬಹುದು. ಅದರಲ್ಲಿ ಹೆಚ್ಚಿನ ವೋಲ್ಟೇಜ್ ಹರಿಯುತ್ತದೆ, ಮುಟ್ಟಬೇಡಿ.

ನಿಜ ಹೇಳಬೇಕೆಂದರೆ, ಮೊದಲ ತಪಾಸಣೆಗೆ ಗಾಡಿ ಎತ್ತುವುದೇ ಬೇಕಿಲ್ಲ. ಹಿಂದಿನ ದಿನ ತಳವನ್ನು ನೀರು ಬಿಟ್ಟು ತೊಳೆಯಿರಿ, ಒಣಗಲಿ. ಮೊಬೈಲಿನಲ್ಲಿ ವಿಡಿಯೋ ಹಾಕಿ, ಟಾರ್ಚ್ ಆನ್ ಮಾಡಿ, ಕೋಲಿಗೆ ಕಟ್ಟಿ ಕಾರಿನ ಕೆಳಗೆ ನಿಧಾನಕ್ಕೆ ಸರಿಸಿ. ಆಮೇಲೆ ಆರಾಮಾಗಿ ಕೂತು ನೋಡಿ. ಅರ್ಧ ವಿಷಯ ಅದರಲ್ಲೇ ಸಿಕ್ಕಿಬಿಡುತ್ತದೆ.

ಲಕ್ಷಣ: ತಳವೆಲ್ಲ ಕೆಂಪಾಗಿ ಕಾಣುತ್ತಿದೆ

ಕೆಂಪು ಕಂಡ ಕೂಡಲೇ ಗಾಡಿ ಮುಗೀತು ಅಂದುಕೊಳ್ಳಬೇಡಿ. ಒಂದು ವೈರ್ ಬ್ರಷ್, ಒಂದು ಹಳೇ ಸ್ಕ್ರೂಡ್ರೈವರ್ ಸಾಕು.

ಬ್ರಷ್‌ನಿಂದ ಉಜ್ಜಿದಾಗ ಕೆಂಪು ಪುಡಿ ಉದುರಿ, ಕೆಳಗೆ ನುಣುಪಾದ ಗಟ್ಟಿ ಲೋಹ ಕಂಡರೆ ಅದು ಮೊದಲ ಹಂತ, ಅಂದರೆ ಮೇಲ್ಮೈ ತುಕ್ಕು. ನೀವೇ ಸರಿಮಾಡಬಹುದು. ಮರದ ತೊಗಟೆಯ ಹಾಗೆ ಪದರ ಪದರವಾಗಿ ಎದ್ದು ಬಂದರೆ ಎರಡನೇ ಹಂತ. ಒಂದು ಸಮಾಧಾನ ಇದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಅದಕ್ಕೇ ಉಬ್ಬಿದ್ದು ಭಯಂಕರವಾಗಿ ಕಂಡರೂ, ಒಳಗೆ ಹೋಗಿರುವ ಲೋಹ ಅಷ್ಟು ಇರಲಿಕ್ಕಿಲ್ಲ. ಕಾರಿನ ತಗಡು ಮಾತ್ರ ದಪ್ಪ ಅಲ್ಲ. ಸಾಮಾನ್ಯ ಜಾಗದಲ್ಲಿ 0.7ರಿಂದ 1 ಮಿಲಿಮೀಟರ್ ಅಷ್ಟೇ.

ಪದರ ಕೆರೆದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ಸವೆದದ್ದು ಡಬ್ ಅನ್ನುತ್ತದೆ. ಪಕ್ಕದ ಚೆನ್ನಾಗಿರುವ ಜಾಗವನ್ನೂ ತಟ್ಟಿ ಹೋಲಿಸಿ, ಕಿವಿಗೆ ಬೇಗ ಅಭ್ಯಾಸ ಆಗುತ್ತದೆ. ಆಮೇಲೆ ತುದಿಯಿಟ್ಟು ಕೈಬಲದಲ್ಲಿ ಒತ್ತಿ. ತಗ್ಗಾದರೆ ಅಥವಾ ತೂತು ಬಿದ್ದರೆ ಮೂರನೇ ಹಂತ. ಅಲ್ಲಿಗೆ ಪೇಂಟಿನ ಕೆಲಸ ಮುಗಿಯಿತು, ವೆಲ್ಡಿಂಗ್ ಕೆಲಸ ಶುರುವಾಯಿತು. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಟ್ಯಾಂಕು ಇವುಗಳನ್ನು ಮಾತ್ರ ಹೀಗೆ ತಟ್ಟಬೇಡಿ, ಚುಚ್ಚಬೇಡಿ.

ಮಳೆ ಬಂದ ಮರುದಿನ ಬೆಳಿಗ್ಗೆ ಬ್ರೇಕ್ ಡಿಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಲಕ್ಷಣ: ಬಾಗಿಲ ಕೆಳಗಿನ ಪಟ್ಟಿಯಲ್ಲಿ ಪೇಂಟ್ ಗುಳ್ಳೆ ಎದ್ದಿದೆ

ಮುಂಚಕ್ರದಿಂದ ಹಿಂಚಕ್ರದವರೆಗೆ ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಭಾಗವನ್ನು ಗ್ಯಾರೇಜಿನಲ್ಲಿ ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ನೋಡಲು ಒಂದು ಪಟ್ಟಿ, ಒಳಗೆ ಟೊಳ್ಳು ಪೆಟ್ಟಿಗೆ. ಬೇರೆ ಚಾಸಿಸ್ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲದ ಕಾರುಗಳಲ್ಲಿ ಗಾಡಿಯ ನಡು ಬಗ್ಗದ ಹಾಗೆ ಹಿಡಿದಿರುವುದರಲ್ಲಿ ಇದರ ಪಾಲು ದೊಡ್ಡದು. ಪಕ್ಕದಿಂದ ಡಿಕ್ಕಿ ಹೊಡೆದಾಗ ತಡೆಯುವುದೂ ಇದೇ.

ಇದು ಬಹುಪಾಲು ಒಳಗಿನಿಂದ ಹೊರಗೆ ತುಕ್ಕು ಹಿಡಿಯುತ್ತದೆ. ನೀರು ಹೊರಗೆ ಹೋಗಲಿ ಅಂತ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆ, ತಳಕ್ಕೆ ಬಳಿದ ದಪ್ಪನೆಯ ಕೋಟಿಂಗ್ ಸೇರಿ ಅವು ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಅಂದರೆ ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಡೆ ಕೆಲಸ ಮುಗಿಯುತ್ತಾ ಬಂದಿರುತ್ತದೆ.

ಮೊದಲು ಖರ್ಚಿಲ್ಲದ ಕೆಲಸ. ಪ್ಲಾಸ್ಟಿಕ್ ಟೈ ಅಥವಾ ಮೆದು ತಂತಿಯಿಂದ ಆ ತೂತುಗಳನ್ನು ಬಿಡಿಸಿ. ಬಾಗಿಲುಗಳ ಅಂಚಿನಲ್ಲೂ ಇಂಥವೇ ಇರುತ್ತವೆ, ಅವನ್ನೂ ಬಿಡಿಸಿ. ಸ್ವಚ್ಛ ನೀರು ನಾಲ್ಕು ಹನಿ ಬಂದರೆ ಒಳ್ಳೆಯದು. ಕಂದು ನೀರಿನ ಜೊತೆ ತುಕ್ಕಿನ ಚೂರು ಬಂದರೆ ಒಳಗೆ ತಗಡು ಉದುರುತ್ತಿದೆ ಎಂದರ್ಥ. ಇನ್ನು, ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಪಟ್ಟಿಯ ಉದ್ದಕ್ಕೂ ಎಳೆಯಿರಿ. ಹಿಡಿತ ತಪ್ಪಿದ ಕಡೆ ಒಳಗೆ ಪುಟ್ಟಿ ಇದೆ, ಲೋಹ ಇಲ್ಲ.

ನಾನೇ ಕಂಡದ್ದೊಂದು ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಕಾರು, ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್, ಹೊಳೆಯುತ್ತಿತ್ತು. ಹಿಂಚಕ್ರದ ಮುಂದೆ ತಟ್ಟಿದೆ, ಡಬ್ ಅಂದಿತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ರಬ್ಬರಿನ ಪದರ ಸೀಳಿ ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆ ಎಳೆದಾಗ ಒಂದು ಹಿಡಿ ಒದ್ದೆ ಮಣ್ಣು ಸುರಿಯಿತು, ಅದರ ಹಿಂದೆಯೇ ಮಡಚಿ ತುರುಕಿದ್ದ ಪೇಪರ್, ಅದಕ್ಕಂಟಿದ ಪುಟ್ಟಿ. ತಗಡು ಇರಬೇಕಾದ ಕಡೆ ಪೇಪರ್ ಇತ್ತು. ಅವತ್ತಿನಿಂದ ಹೊಸ ಕೋಟಿಂಗ್ ಕಂಡರೆ ಮೊದಲು ತಟ್ಟುತ್ತೇನೆ.

ಕೊನೆಯದಾಗಿ ಬಾಗಿಲಿನ ಪರೀಕ್ಷೆ. ಗಾಡಿ ನೆಲದ ಮೇಲಿದ್ದಾಗ ಬಾಗಿಲ ಸುತ್ತಲಿನ ಸಂದು ನೋಡಿಕೊಳ್ಳಿ. ಒಂದು ಕಡೆ ಎತ್ತಿ ಸ್ಟ್ಯಾಂಡ್ ಕೊಟ್ಟಾಗ ಮತ್ತೆ ನೋಡಿ. ಸಂದು ಕಣ್ಣಿಗೆ ಕಾಣುವಷ್ಟು ಬದಲಾದರೆ, ಅಥವಾ ಬಾಗಿಲು ಮೊದಲಿನ ಹಾಗೆ ಮುಚ್ಚದಿದ್ದರೆ, ಬಾಡಿ ಬಗ್ಗುತ್ತಿದೆ. ಗಾಡಿ ಇಳಿಸಿ. ಮುಂದಿನದು ಬಾಡಿ ಕೆಲಸ ಬಲ್ಲವರ ಪಾಲು.

ಲಕ್ಷಣ: ಕಾಲಡಿ ಮ್ಯಾಟ್ ಒದ್ದೆ, ಒಳಗೆ ಮುಗ್ಗಲು ವಾಸನೆ

ಇಲ್ಲಿ ತಳದ ತಗಡು ಮೇಲಿನಿಂದ ಕೊಳೆಯುತ್ತಿದೆ. ಕೆಳಗಿನಿಂದ ಎಷ್ಟು ಕೋಟಿಂಗ್ ಬಳಿದರೂ ಪ್ರಯೋಜನ ಇಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಹಿಡಿಯಬೇಕು.

ಬಿಳೀ ಟಿಶ್ಯೂ ಪೇಪರನ್ನು ಮ್ಯಾಟಿನ ಮೇಲೆ ಒತ್ತಿ ನೋಡಿ. ತಿಳಿ ನೀರು, ಏಸಿ ಹಾಕಿದಾಗಲೇ ಜಾಸ್ತಿ ಅಂದರೆ ಏಸಿಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡಿದೆ. ಸೆಕೆ ದಿನ ಏಸಿ ಓಡುತ್ತಿದ್ದಾಗ ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದಿದ್ದರೆ ಅದೇ ಕಾರಣ ಇರಬಹುದು. ಬಣ್ಣದ ನೀರು, ಕೈಗೆ ಅಂಟು, ಸಿಹಿ ವಾಸನೆ ಇದ್ದರೆ ಅದು ಕೂಲೆಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ. ಹೀಟರ್ ಸೋರುತ್ತಿದೆ. ಅದು ವಿಷ, ಮಕ್ಕಳು ಮತ್ತು ಸಾಕುಪ್ರಾಣಿಗಳಿಗೆ ಸಿಗದ ಹಾಗೆ ಒರೆಸಿಬಿಡಿ, ಗ್ಯಾರೇಜಿಗೆ ಒಯ್ಯಿರಿ.

ಮಳೆ ಬಂದಾಗ ಮಾತ್ರ ಒದ್ದೆಯಾದರೆ ಮೊದಲು ಬಾನೆಟ್ ಎತ್ತಿ, ಮುಂಗಾಜಿನ ಬುಡದ ತೊಟ್ಟಿಯಂಥ ಜಾಗ ನೋಡಿ. ಅಲ್ಲಿ ಎಲೆ ಕಸ ಕೊಳೆತು ತೂತು ಮುಚ್ಚಿದ್ದರೆ ನೀರು ಒಳಗೆ ನುಗ್ಗುತ್ತದೆ. ಕೈಹಾಕಿ ತೆಗೆದರೆ ಮುಗಿಯಿತು. ಸನ್‌ರೂಫ್ ಇದ್ದರೆ ಅದರ ನಾಲ್ಕು ಮೂಲೆಯ ಪೈಪುಗಳೂ ಹೀಗೇ ಕಟ್ಟುತ್ತವೆ. ಇಷ್ಟರಲ್ಲಿ ಸಿಗದಿದ್ದರೆ ಒಳಗೆ ಒಬ್ಬರನ್ನು ಕೂರಿಸಿ, ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಮೇಲಿನಿಂದ ಬಿಟ್ಟರೆ ಎಲ್ಲ ಕಡೆ ಹರಿದು ಏನೂ ಗೊತ್ತಾಗುವುದಿಲ್ಲ.

ಕಾರಣ ಸಿಕ್ಕಿದ ಮೇಲೆ ಕಾರ್ಪೆಟ್ ಎತ್ತಲೇಬೇಕು. ಮೇಲೆ ಮುಟ್ಟಿದರೆ ಒಣಗಿದ ಹಾಗಿರುತ್ತದೆ, ಅಡಿಯ ಫೋಮ್ ಹಿಂಡಿದರೆ ನೀರು ಸುರಿಯುತ್ತದೆ. ಆ ಫೋಮ್ ವಾರಗಟ್ಟಲೆ ನೀರು ಹಿಡಿದಿಟ್ಟು ತಗಡಿಗೆ ಒತ್ತಿಕೊಂಡು ಕೂತಿರುತ್ತದೆ. ಸೀಟಿನ ಹಳಿ ಮತ್ತು ಸೀಟ್ ಬೆಲ್ಟ್ ಬೋಲ್ಟ್‌ಗಳ ಸುತ್ತ ವಿಶೇಷವಾಗಿ ನೋಡಿ. ಅಲ್ಲಿ ಪದರ ಎದ್ದಿದ್ದರೆ ಆ ಸೀಟಿನಲ್ಲಿ ಯಾರನ್ನೂ ಕೂರಿಸಬೇಡಿ. ಸೀಟಿನ ಅಡಿ ಹಳದಿ ಪ್ಲಗ್ ಇದ್ದರೆ ಅದು ಏರ್‌ಬ್ಯಾಗಿನ ಸರ್ಕ್ಯೂಟ್. ಅದನ್ನು ಬಿಚ್ಚಬೇಡಿ, ಸೀಟು ತೆಗೆಯುವ ಕೆಲಸ ಗೊತ್ತಿದ್ದವರಿಗೇ ಬಿಡಿ.

ಲಕ್ಷಣ: ಕೆಳಗಿನಿಂದ ಗಲಗಲ ಅಥವಾ ಬುಸ್ ಬುಸ್ ಸದ್ದು

ಎಂಜಿನ್ ಒಂದು ವೇಗಕ್ಕೆ ಬಂದಾಗ ಮಾತ್ರ ಡಬ್ಬಿ ಅಲುಗಿದಂತೆ ಸದ್ದು ಬಂದರೆ ಸೈಲೆನ್ಸರ್ ಮೇಲಿನ ಶಾಖ ತಡೆಯುವ ತಗಡು ಸಡಿಲವಾಗಿದೆ. ಬೋಲ್ಟ್ ಸುತ್ತ ತುಕ್ಕು ತಿಂದಿರುತ್ತದೆ. ಗಾಡಿ ಪೂರ್ತಿ ತಣ್ಣಗಾದಾಗ ದೊಡ್ಡ ಸ್ಟೀಲ್ ಕ್ಲಿಪ್ ಹಾಕಿ ಬಿಗಿದರೆ ಸಾಕು. ಕಿತ್ತು ಬಿಸಾಡಬೇಡಿ. ಅದು ಪೆಟ್ರೋಲ್ ಪೈಪು ಮತ್ತು ಕಾರ್ಪೆಟ್ಟನ್ನು ಬಿಸಿಯಿಂದ ಕಾಯುತ್ತಿರುತ್ತದೆ.

ಬುಸ್ ಬುಸ್ ಸದ್ದು ಬಂದು, ಜೋಡಣೆಯ ಬಳಿ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 1 ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಬರೀ ಹತ್ತಿರ ಹತ್ತಿರ ಓಡಾಡುವ ಗಾಡಿಯಲ್ಲಿ ಸೈಲೆನ್ಸರ್ ಸರಿಯಾಗಿ ಬಿಸಿಯಾಗದೆ ಆ ನೀರು ಒಳಗೇ ನಿಲ್ಲುತ್ತದೆ. ಅದಕ್ಕೇ ಒಳಗಿನಿಂದ ತೂತು.

ಸೈಲೆನ್ಸರ್ ತೂತು, ಅದರ ಮೇಲೆ ತಳದ ತಗಡಿನಲ್ಲೂ ತೂತು, ಎರಡೂ ಸೇರಿದರೆ ಪ್ರಾಣಾಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಓಡಿಸುವಾಗ ತಲೆನೋವು, ತಲೆಸುತ್ತು, ವಾಕರಿಕೆ, ತೂಕಡಿಕೆ ಬಂದು, ಹೊರಗೆ ಇಳಿದ ಮೇಲೆ ಕಮ್ಮಿಯಾದರೆ ಅದನ್ನು ಸುಮ್ನೆ ಆಯಾಸ ಅಂದುಕೊಳ್ಳಬೇಡಿ. ತಕ್ಷಣ ಗಾಡಿ ನಿಲ್ಲಿಸಿ, ಎಲ್ಲರೂ ಇಳಿಯಿರಿ, ವೈದ್ಯರಿಗೆ ತೋರಿಸಿ. ರಿಪೇರಿ ಆಗುವವರೆಗೆ ಆ ಕಾರು ಬೇಡ.

ಲಕ್ಷಣ: ಪೆಟ್ರೋಲ್ ವಾಸನೆ

ಟ್ಯಾಂಕ್ ತುಂಬಿಸಿದ ಕೂಡಲೇ ಮಾತ್ರ ವಾಸನೆ ಬಂದರೆ, ಹಿಂಚಕ್ರದ ಹಿಂದೆ ಅಡಗಿರುವ ಪೆಟ್ರೋಲ್ ಹಾಕುವ ಕೊಳವೆ ತುಕ್ಕು ಹಿಡಿದಿರಬಹುದು. ಅಲ್ಲಿ ಚಕ್ರ ಎಸೆದ ಮಣ್ಣು ತುಂಬಿಕೊಳ್ಳುತ್ತದೆ. ಯಾವಾಗಲೂ ವಾಸನೆ ಇದ್ದರೆ ಪೈಪ್ ಅಥವಾ ಟ್ಯಾಂಕ್ ಸೋರುತ್ತಿದೆ. ಡೀಸೆಲ್ ಗಾಡಿಯಲ್ಲಿ ಧೂಳು ಮೆತ್ತಿದ ಜಿಡ್ಡು ಕಲೆಯಾಗಿ ಕಾಣುತ್ತದೆ.

ಇಲ್ಲಿ ನಿಮ್ಮ ಕೆಲಸ ನೋಡುವುದಷ್ಟೇ. ಬ್ರಷ್ ಬೇಡ, ಡ್ರಿಲ್ ಬೇಡ, ಕಿಡಿ ಹಾರುವ ಯಾವುದೂ ಬೇಡ. ಗಾಡಿಯನ್ನು ಮುಚ್ಚಿದ ಶೆಡ್ಡಿನಿಂದ ತಳ್ಳಿ ಹೊರಗಿಡಿ, ಸ್ಟಾರ್ಟ್ ಮಾಡಬೇಡಿ. ಗ್ಯಾಸ್ ಸಿಲಿಂಡರ್ ಅಳವಡಿಸಿದ ಗಾಡಿಯಾದರೆ ಅದನ್ನು ಹಿಡಿದಿರುವ ಬ್ರಾಕೆಟ್ ಮತ್ತು ಬೋಲ್ಟಿನ ಸುತ್ತಲಿನ ತಗಡನ್ನೂ ತೋರಿಸಿ.

ಲಕ್ಷಣ: ಬ್ರೇಕ್ ಪೆಡಲ್ ಮೆತ್ತಗಾಗಿದೆ, ಆಯಿಲ್ ಕಮ್ಮಿಯಾಗುತ್ತಿದೆ

ಈ ಭಾಗವನ್ನು ದಯವಿಟ್ಟು ಬಿಡದೆ ಓದಿ.

ಬಹಳಷ್ಟು ಹಳೇ ಕಾರುಗಳಲ್ಲಿ ಬ್ರೇಕ್ ಪೈಪ್ ಉಕ್ಕಿನದು. ಹೊರಗಿನ ಅಗಲವೇ ಹೆಚ್ಚುಕಮ್ಮಿ 4.75 ಮಿಲಿಮೀಟರ್. ಅದರ ಗೋಡೆ ಎಷ್ಟು ತೆಳು ಇರಬೇಕು ಯೋಚಿಸಿ. ಜೋರಾಗಿ ಬ್ರೇಕ್ ತುಳಿದಾಗ ಒತ್ತಡವೆಲ್ಲ ಅದರ ಮೇಲೆ. ಹಾಗಾಗಿ ಕೊಳೆತ ಪೈಪ್ ಒಡೆಯುವುದು ನಿಧಾನಕ್ಕೆ ನಿಲ್ಲುವಾಗ ಅಲ್ಲ, ಎದುರಿಗೆ ಯಾರೋ ಅಡ್ಡ ಬಂದಾಗ.

ಮೊದಲು ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಮಟ್ಟ ತಿಂಗಳುಗಟ್ಟಲೆಯಲ್ಲಿ ಸ್ವಲ್ಪ ಇಳಿಯುವುದು ಸಹಜ. ವಾರದಲ್ಲಿ ಇಳಿದರೆ ಸೋರಿಕೆ. ಸುಮ್ನೆ ತುಂಬಿಸಿ ಓಡಿಸಬೇಡಿ. ಎರಡನೆಯದು, ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಇಟ್ಟು ಪೆಡಲನ್ನು ಗಟ್ಟಿಯಾಗಿ ತುಳಿದು ಅರ್ಧ ನಿಮಿಷ ಹಿಡಿಯಿರಿ. ಸ್ಟಾರ್ಟ್ ಮಾಡಿದಾಗ ಒಮ್ಮೆ ಸ್ವಲ್ಪ ತಗ್ಗಿ ನಿಲ್ಲುವುದು ಸರಿ. ಮೆಲ್ಲಗೆ ಇಳಿಯುತ್ತಲೇ ಹೋದರೆ ಪೈಪ್ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಹೋಗಿದೆ. ಎರಡರಲ್ಲಿ ಯಾವುದಾದರೂ ಗಾಡಿ ಓಡಿಸುವ ಹಾಗಿಲ್ಲ.

ಆಮೇಲೆ ಪೈಪ್ ನೋಡಿ. ಪ್ಲಾಸ್ಟಿಕ್ ಕ್ಲಿಪ್‌ಗಳ ಅಡಿ, ಟ್ಯಾಂಕಿನ ಮೇಲೆ ಹಾದುಹೋಗುವ ಕಡೆ, ಹಿಂದಿನ ಆಕ್ಸಲ್ ಹತ್ತಿರ ಮಣ್ಣು ಕೂತು ಮೊದಲು ಕೊಳೆಯುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಬರೀ ಬಣ್ಣ ಮಾಸಿ ಮೇಲ್ಮೈ ನುಣುಪಾಗಿದ್ದರೆ ಆರು ತಿಂಗಳಿಗೊಮ್ಮೆ ನೋಡುತ್ತಿರಿ. ಗುಳಿ ಬಿದ್ದಿದ್ದರೆ, ಉಬ್ಬಿದ್ದರೆ, ಹುರುಪೆ ಎದ್ದಿದ್ದರೆ, ಜಿಡ್ಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಕೆರೆಯಬೇಡಿ. ಕೆಲವೊಮ್ಮೆ ಆ ತುಕ್ಕೇ ಸೋರಿಕೆಯನ್ನು ಹಿಡಿದಿಟ್ಟಿರುತ್ತದೆ. ಅಂಥ ಗಾಡಿಯನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ, ಟ್ರಕ್ಕಿನ ಮೇಲೆ ಹೇರಿ ಕಳಿಸಿ.

ಬದಲಾಯಿಸುವಾಗ ತಾಮ್ರ–ನಿಕಲ್ ಮಿಶ್ರಲೋಹದ ಪೈಪ್ ಸಿಗುತ್ತದಾ ಕೇಳಿ. ಅದಕ್ಕೆ ಕಬ್ಬಿಣದ ಹಾಗೆ ತುಕ್ಕು ಹಿಡಿಯುವುದಿಲ್ಲ. ಕೊಳೆತ ತುಂಡು ಕತ್ತರಿಸಿ ನಡುವೆ ಬರೀ ರಿಂಗ್ ಬಿಗಿಯುವ ಪ್ಲಂಬಿಂಗ್ ಜಾಯಿಂಟ್ ಹಾಕಿಸಿಕೊಳ್ಳಬೇಡಿ, ಆ ಒತ್ತಡಕ್ಕೆ ಅದು ಕಿತ್ತುಬರುತ್ತದೆ. ಒಂದು ಪೈಪ್ ಹೋಗಿದ್ದರೆ ಅದೇ ವಯಸ್ಸಿನ ಉಳಿದವನ್ನೂ ತೆಗೆಸಿ.

ಓಡಿಸುತ್ತಿರುವಾಗಲೇ ಒಡೆದರೆ? ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುವುದರಿಂದ ಅರ್ಧ ಬ್ರೇಕ್ ಉಳಿಯಬಹುದು, ಆದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತದೆ. ಬೇಗ ಬೇಗ ತುಳಿಯುತ್ತಾ, ಗೇರ್ ಇಳಿಸುತ್ತಾ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯುತ್ತಾ ಪಕ್ಕಕ್ಕೆ ನಿಲ್ಲಿಸಿ.

ಲಕ್ಷಣ: ಗುಂಡಿಯಲ್ಲಿ ದಡ್ ಸದ್ದು, ಗಾಡಿ ಒಂದು ಕಡೆ ವಾಲಿದೆ

ಸಸ್ಪೆನ್ಷನ್ನಿನ ರಬ್ಬರ್ ಬುಷ್ ಅಥವಾ ಶಾಕ್ ಅಬ್ಸಾರ್ಬರ್ ಹೋಗಿದ್ದರೂ ಸದ್ದು ಬರುತ್ತದೆ, ಬಹಳ ಸಲ ಅದೇ ಕಾರಣ. ಮೊದಲು ಟೈರಿನ ಗಾಳಿ ಸಮ ಮಾಡಿ. ಸಮತಟ್ಟು ನೆಲದಲ್ಲಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ ಎದ್ದು ಕಂಡರೆ ಸ್ಪ್ರಿಂಗ್ ತುಂಡಾಗಿರಬಹುದು, ಅಥವಾ ಅದು ಕೂರುವ ತಗಡೇ ಕುಸಿದಿರಬಹುದು. ಬಾನೆಟ್ ಒಳಗೆ, ಡಿಕ್ಕಿಯ ಒಳಗೆ ಶಾಕ್ ಅಬ್ಸಾರ್ಬರ್ ತಲೆ ಬರುವ ಜಾಗದ ಸುತ್ತ ಬಿರುಕು, ಉಬ್ಬು, ಕೆಂಪು ಗೆರೆ ಇದೆಯಾ ನೋಡಿ. ಸಸ್ಪೆನ್ಷನ್, ಸ್ಟೀರಿಂಗ್, ಆಕ್ಸಲ್ ಸೇರುವ ಯಾವುದೇ ಜಾಗದಲ್ಲಿ ತುಕ್ಕು ತೂತು ಬಿದ್ದಿದ್ದರೆ ಗಾಡಿ ಅಲ್ಲೇ ನಿಲ್ಲಲಿ.

ಲಕ್ಷಣ: ಲೈಟ್ ಮಂಕು, ಸ್ಟಾರ್ಟ್ ಆಗಲು ಒದ್ದಾಟ

ಬ್ಯಾಟರಿ ಹೊಸದಾಗಿದ್ದರೂ ಹೀಗಾದರೆ, ಬ್ಯಾಟರಿಯ ಮೈನಸ್‌ನಿಂದ ಕಾರಿನ ಲೋಹದ ಮೈಗೆ ಬರುವ ಅರ್ತ್ ವೈರಿನ ಬುಡಕ್ಕೆ ತುಕ್ಕು ಹಿಡಿದಿದೆಯಾ ನೋಡಿ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿಯ ಮೈನಸ್ ಮತ್ತು ಎಂಜಿನ್ನಿನ ಬರಿ ಲೋಹದ ನಡುವೆ ವೋಲ್ಟ್ ಮೀಟರ್ ಹಿಡಿಯಿರಿ. ಸುಮಾರು 0.2 ವೋಲ್ಟಿಗಿಂತ ಜಾಸ್ತಿ ತೋರಿದರೆ ಆ ದಾರಿಯಲ್ಲಿ ತಡೆ ಇದೆ. ಬ್ಯಾಟರಿಯ ಸಂಪರ್ಕ ತಪ್ಪಿಸಿ, ಅರ್ತ್ ವೈರಿನ ಬೋಲ್ಟ್ ಬಿಚ್ಚಿ, ಉಜ್ಜಿ, ಬಿಗಿಯಿರಿ.

ಬರೀ ಮೇಲ್ಮೈ ತುಕ್ಕು ಎಂದು ಖಾತ್ರಿಯಾದರೆ

ತೊಳೆಯಿರಿ, ಪೂರ್ತಿ ಒಣಗಿಸಿ, ಉಜ್ಜಿ. ಸಂದಿನಲ್ಲಿ ಉಳಿಯುವ ತೆಳು ತುಕ್ಕಿಗೆ ಫಾಸ್ಫೊರಿಕ್ ಅಥವಾ ಟ್ಯಾನಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರ್ ಹಚ್ಚಿ. ಅದು ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಮಾಡುತ್ತದೆ. ದಪ್ಪ ಹುರುಪೆಯ ಮೇಲೆ ಬಳಿದರೆ ಮೇಲಷ್ಟೇ ಕಪ್ಪಾಗುತ್ತದೆ, ಅಡಿಯಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಆಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪೇಂಟ್ ಅಥವಾ ಕೋಟಿಂಗ್. ಟೊಳ್ಳು ಪೆಟ್ಟಿಗೆಗಳ ಒಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ವ್ಯಾಕ್ಸ್ (ಮೇಣ) ಸಿಂಪಡಿಸಿ. ನನ್ನ ಕೇಳಿದರೆ ಹೊರಗಿನ ಕೋಟಿಂಗಿಗಿಂತ ಈ ಒಳಗಿನ ವ್ಯಾಕ್ಸಿಗೇ ದುಡ್ಡು ಹಾಕುವುದು ಒಳ್ಳೆಯದು.

ತುಕ್ಕಿನ ಮೇಲೇ ರಬ್ಬರ್ ಕೋಟಿಂಗ್ ಹೊಡೆಸಬೇಡಿ. ಸಣ್ಣ ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಸೈಲೆನ್ಸರ್, ಬ್ರೇಕ್ ಡಿಸ್ಕ್, ರಬ್ಬರ್ ಬುಷ್, ಸೆನ್ಸರ್‌ಗಳಿಗೆ ಕೋಟಿಂಗ್ ತಾಗದಂತೆ ಮುಚ್ಚಿ. ಕಡಲ ಹತ್ತಿರ ಇರುವವರು, ಹಿಮಕ್ಕೆ ಉಪ್ಪು ಎರಚುವ ರಸ್ತೆಯಲ್ಲಿ ಓಡಾಡುವವರು ತಳವನ್ನು ಆಗಾಗ ಸಿಹಿನೀರಿನಿಂದ ತೊಳೆಯಬೇಕು. ಉಪ್ಪು ಸೇರಿದ ತೇವ ಒಣಗುವುದೂ ತಡ, ಅದರಿಂದ ತುಕ್ಕು ಹಬ್ಬುವುದೂ ಬೇಗ.

ವೆಲ್ಡಿಂಗ್ ಬೇಕು ಅಂದರೆ

ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆಯುತ್ತಾರಾ ಎಂದು ಕೇಳಿ. ತುಕ್ಕಿನ ಮೇಲೇ ತೇಪೆ ಅಂಟಿಸುತ್ತೇವೆ ಅಂದರೆ ಬೇಡ. ಕೆಲವು ಮಾದರಿಗಳ ತಳದಲ್ಲಿ ವಿಶೇಷ ಗಟ್ಟಿ ಉಕ್ಕು ಇರುತ್ತದೆ, ಬಿಸಿ ತಾಗಿದರೆ ಅದರ ಬಲ ಹೋಗುತ್ತದೆ. ಅಂಥದ್ದಕ್ಕೆ ತಯಾರಕರು ಹೇಳಿದ ಕ್ರಮವೇ ಆಗಬೇಕು.

ವೆಲ್ಡಿಂಗ್ ಮುಂಚೆ ಬ್ಯಾಟರಿ ಬಿಚ್ಚಬೇಕು, ಹತ್ತಿರದ ಕಾರ್ಪೆಟ್ ಮತ್ತು ಫೋಮ್ ತೆಗೆಯಬೇಕು, ಪೆಟ್ರೋಲ್ ಪೈಪ್ ದೂರ ಸರಿಸಬೇಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಜಾಗಕ್ಕೆ ವೆಲ್ಡಿಂಗ್ ಹಿಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು. ಜಿಂಕ್ ಲೇಪಿಸಿದ ತಗಡಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಮನೆಯಲ್ಲಿ ಮಾಡಿಕೊಳ್ಳುವ ಕೆಲಸ ಇದಲ್ಲ ಅನ್ನುವುದಕ್ಕೆ ಇಷ್ಟು ಸಾಕು ಅಲ್ವಾ?

ವೆಲ್ಡಿಂಗ್ ಬಿಸಿಗೆ ಒಳಮೈಯ ಪೇಂಟ್ ಸುಟ್ಟುಹೋಗಿರುತ್ತದೆ. ಅದಕ್ಕೇ ತಣ್ಣಗಾದ ಮೇಲೆ ಒಳಗೆ ವ್ಯಾಕ್ಸ್ ಹೊಡೆಸಲೇಬೇಕು. ಗಾಡಿ ತರಲು ಹೋಗುವಾಗ ಜೇಬಿನಲ್ಲಿ ಒಂದು ತೆಳು ತಂತಿ ಇರಲಿ. ರನ್ನಿಂಗ್ ಬೋರ್ಡಿನ ಅಡಿಯ ಒಂದೊಂದು ತೂತಿಗೂ ತೂರಿಸಿ ನೋಡಿ. ಹೊಸ ಕೋಟಿಂಗಿನಿಂದ ಮುಚ್ಚಿಹೋಗಿದ್ದರೆ ಅಲ್ಲೇ, ಅವರೆದುರಿಗೇ ಬಿಡಿಸಿಕೊಂಡು ಬನ್ನಿ.